ಹದಿನಾರನೇ ಕಿಲೋಮೀಟರಿನ ಕಲ್ಲು

"ಏಳು," ಎಂದು ಕರೀಮಾ ಎಣಿಕೆ ನಿಲ್ಲಿಸಿದರು. "ಇನ್ನೂರು ಹೆಜ್ಜಿ ಒಳಗ ಏಳು ಚಹಾದ ಅಂಗಡಿ."

ರಾಜೇಶ್ವರದ ಬಸ್ ನಿಲ್ದಾಣದ ಎದುರು ಜೀಪಿಗೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಮನೀಷಾ ಗಡಿಯಾರ ನೋಡಿಕೊಂಡಳು. ಹನ್ನೊಂದು ಇಪ್ಪತ್ತು.

"ಮೇಡಂ, ಸಂಜಿ ನಾಲ್ಕರೊಳಗ ಸಂಜುಕುಮಾರನ್ನ ಮ್ಯಾಜಿಸ್ಟ್ರೇಟ್ ಮುಂದ ನಿಲ್ಲಸಬೇಕು. ನೀವು ಚಹಾದ ಅಂಗಡಿ ಎಣಸಾಕತ್ತೀರಿ."

"ಎಣಸೂದು ಮುಗೀತು ಬೇಟಾ. ಈಗ ಒಂದೊಂದು ಕಪ್ ಕುಡಿಯೂಣು."

ಮೂವತ್ತೆರಡು ವರ್ಷ ಬಸವಕಲ್ಯಾಣದಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಕರೀಮಾ ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ. ಅವರ ಹಳೆಯ ವಿದ್ಯಾರ್ಥಿನಿ ಮನೀಷಾಗೆ ಅದು ಗೊತ್ತಿತ್ತು. ಇವತ್ತು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಮೂರು ದಿನದ ಹಿಂದೆ ಹೆದ್ದಾರಿ ಬದಿಯಲ್ಲಿ ಪಂಡರಿಯ ಪಶು ಆಹಾರದ ಗೋದಾಮು ಸುಟ್ಟಿತ್ತು. ಕಾವಲುಗಾರ ಉತ್ತಮ ಬೀದರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದ. ನಾಲ್ಕು ತಿಂಗಳ ಹಿಂದೆ ರಾಜೇಶ್ವರದಲ್ಲಿ ಅದೇ ವ್ಯಾಪಾರಕ್ಕೆ ಇಳಿದ ಸಂಜುಕುಮಾರನ ಹೆಸರನ್ನು ಪಂಡರಿ ದೂರಿನಲ್ಲಿ ಬರೆಸಿದ್ದ. ಸಂಜುಕುಮಾರನ ಅಂಗಡಿಯ ಹಿಂದೆ ಖಾಲಿ ಸೀಮೆಎಣ್ಣೆ ಡಬ್ಬ ಸಿಕ್ಕಿತ್ತು. ನಿನ್ನೆ ಸಂಜೆ ನಾಲ್ಕಕ್ಕೆ ಅವನ ಬಂಧನ.

ಜೀಪಿನ ಹಿಂದಿನ ಸೀಟಿನಲ್ಲಿ ಸಂಜುಕುಮಾರನ ಅಕ್ಕ ಬಾಳಮ್ಮ ಕುಳಿತಿದ್ದಳು. ಮಡಿಲಲ್ಲಿ ತಮ್ಮನಿಗೆ ತಂದ ರೊಟ್ಟಿಯ ಡಬ್ಬಿ. ಅದರ ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ಮನೆಯ ಗುರುತನ್ನು ಬೆಳಿಗ್ಗೆಯಿಂದ ಹೆಬ್ಬೆರಳಲ್ಲಿ ಉಜ್ಜುತ್ತಲೇ ಇದ್ದಳು: ಒಂದು ದುಂಡು, ನಡುವೆ ಅಡ್ಡ ಗೆರೆ.

"ನಾಳಿಂದ ದೀಪಾವಳಿ ರಜಾ," ಮನೀಷಾ ತಗ್ಗಿದ ದನಿಯಲ್ಲಿ ಹೇಳಿದಳು. "ಇವತ್ತು ಒಳಗ ಹೋದ್ರ ಜಾಮೀನಿನ ಅರ್ಜಿ ಹಬ್ಬ ಮುಗದ ಮ್ಯಾಲೇ. ಉತ್ತಮ ಸತ್ತ ಅಂದ್ರ ಕೊಲಿ ಕೇಸು. ನನಗೂ ಇದು ಸರಿ ಅನಸವಲ್ದು. ಆದ್ರ ಮ್ಯಾಜಿಸ್ಟ್ರೇಟ್ ಮುಂದ 'ಅನಸವಲ್ದು' ಅಂತ ಹೇಳಾಕ ಬರ್ತದೇನ್ರಿ?"

"ಲಾಕಪ್ಪಿನ್ಯಾಗ ಹುಡುಗ ಏನಂದ?"

"ಒಂದಽ ಮಾತು. ಎರಡ ಸರ್ತಿ ಕೇಳಿದ. 'ಪಂಡರಿ ಕಾಕಾನೇ ನನ್ನ ಹೆಸರು ಬರಸ್ಯಾನೇನು?' ಅಂತ. ಆಮ್ಯಾಲ ಬಾಯಿ ಬಿಡಲಿಲ್ಲ."

"ಕಾಕಾ," ಎಂದು ಕರೀಮಾ ಆ ಶಬ್ದವನ್ನು ಒಮ್ಮೆ ನಾಲಿಗೆಯ ಮೇಲೆ ಹೊರಳಿಸಿದರು. "ವ್ಯಾಪಾರದ ದುಷ್ಮನಿಗೆ ಕಾಕಾ."

ಅವರು ಚಹಾದಂಗಡಿಯ ಉದ್ದನೆಯ ಬೆಂಚಿನ ಮೇಲೆ ಕುಳಿತು ಬಾಳಮ್ಮನನ್ನೂ ಕರೆದರು. ಅವಳು ಡಬ್ಬಿ ಬಿಡದೆಯೇ ಬಂದಳು.

"ನೋಡ್ರಿ, ಈ ಬೆಂಚು ನಮ್ಮ ರಸ್ತಾ. ಈ ತುದಿ ಹುಮನಾಬಾದ, ಆ ತುದಿ ಬಸವಕಲ್ಯಾಣದ ಕ್ರಾಸ್. ಜೀಪಿನ ಮೀಟರ್‌ದಾಗ ನಿನ್ನಿ ಇಪ್ಪತ್ನಾಲ್ಕು ಕಿಲೋಮೀಟರ್ ಬಂತು. ನಾವು ಕೂತ ರಾಜೇಶ್ವರ ನಟ್ಟನಡುವ, ಹನ್ನೆರಡಕ್ಕ." ಕರೀಮಾ ಎರಡು ಖಾಲಿ ಲೋಟಗಳನ್ನು ಎರಡು ತುದಿಗೆ ಇಟ್ಟರು. "ಇವೆರಡು ಅಂಗಡಿ. ಮಾಲು ಒಂದೇ, ಚೀಲದ ಮ್ಯಾಲ ಅಚ್ಚು ಹಾಕಿದ ರೇಟೂ ಒಂದೇ. ಐವತ್ತು ಕೆ.ಜಿ. ಚೀಲ ಮೋಟಾರ್ ಸೈಕಲ್ ಮ್ಯಾಲ ಒಯ್ಯಾಂವ ಯಾವ ಅಂಗಡಿಗೆ ಹೋಗ್ತಾನ?"

"ಸಮೀಪ ಇದ್ದದ್ದಕ್ಕ," ಎಂದಳು ಮನೀಷಾ.

"ಹಾಂಗಾದ್ರ ಈ ಅಂಗಡಿಯಾಂವ ಒಂದು ಮೊಳ ನಡುವಿಗೆ ಸರದ್ರ?" ಒಂದು ಲೋಟ ಸರಿಯಿತು. "ಅವನ ಬೆನ್ನ ಹಿಂದಿನ ಗಿರಾಕಿ ಎಲ್ಲೂ ಹೋಗೂದಿಲ್ಲ. ಮುಂದಿನಾವ್ರು ನಾಲ್ಕು ಮಂದಿ ಹೆಚ್ಚಿಗಿ ಸಿಗ್ತಾರ. ಅದನ್ನ ನೋಡಿ ಆ ಅಂಗಡಿಯಾಂವನೂ ಸರೀತಾನ." ಇನ್ನೊಂದು ಲೋಟ ಸರಿಯಿತು. "ಇವನೂ. ಅವನೂ. ಮತ್ತ ಇವ."

ಎರಡೂ ಲೋಟ ಬೆಂಚಿನ ನಡುವೆ ಬಂದು ಟಣ್ ಎಂದು ತಾಗಿದವು.

"ಇಲ್ಲಿಂದ ಯಾರು ಸರದ್ರೂ ಅವರಿಗೇ ಲುಕ್ಸಾನ. ಯಾರೂ ಹುಕುಂ ಕೊಟ್ಟಿಲ್ಲ, ಯಾರೂ ಮಾತಾಡಿಕೊಂಡಿಲ್ಲ. ಎದುರಿನಾಂವ ಏನು ಮಾಡ್ತಾನ ಅಂತ ಎಣಿಸಿ ತನ್ನ ಹೆಜ್ಜಿ ಇಡೂದಕ್ಕ ಗೇಮ್ ಥಿಯರಿ ಅಂತಾರ. ಅಂಗಡಿ ಜಾಗಾದ ಈ ಲೆಕ್ಕಾ ಬರದು ಸುಮಾರು ನೂರು ವರ್ಷ ಆತು. ಬರದಾಂವ ರಾಜೇಶ್ವರದ ಹೆಸರು ಕೇಳಿರಲಿಕ್ಕಿಲ್ಲ. ಆದ್ರ ಈ ಏಳು ಚಹಾದ ಅಂಗಡಿ ಹ್ಯಾಂಗ ನಿಂತಾವ ನೋಡು."

ಮನೀಷಾ ತಲೆಯೆತ್ತಿ ನೋಡಿದಳು. ಸಾವಿರ ಸಲ ಹಾದುಹೋದ ನಿಲ್ದಾಣ. ಒಂದಕ್ಕೊಂದು ಭುಜ ತಾಗಿಸಿ ನಿಂತ ಅಂಗಡಿಗಳ ಹಿಂದೆ ಯಾರೋ ಹಗ್ಗ ಹಿಡಿದು ಎಳೆದಂತೆ ಅವಳಿಗೆ ಮೊದಲ ಬಾರಿ ಕಂಡಿತು. ಹಗ್ಗ ಹಿಡಿದವರು ಯಾರೂ ಇರಲಿಲ್ಲ.

"ಈಗ ಹೇಳು. ಪಂಡರಿ ಹುಮನಾಬಾದ ಕಡಿ, ಅದೇ ಮಾಲು ಮಾರೂ ಅನೀಲಕುಮಾರ ಬಸವಕಲ್ಯಾಣದ ಕಡಿ. ಹನ್ನೊಂದು ವರ್ಷದಿಂದ ಮುಖ ನೋಡಲಾರದ ವೈರಿಗಳು ಅಂತ ಜಿಲ್ಲಾದಾಗೆಲ್ಲ ಹೇಳ್ತಾರ. ಒಬ್ಬನೂ ನಡುವಿಗೆ ಯಾಕ ಸರೀಲಿಲ್ಲ? ಸಂಜು ಬರೂತನಾ ರಾಜೇಶ್ವರ ಯಾಕ ಖಾಲಿ ಉಳೀತು?"

ಮನೀಷಾ ಉತ್ತರಿಸುವ ಮೊದಲೇ ಬಾಳಮ್ಮ ಬಾಯಿ ತೆರೆದಳು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಉದ್ದ ಮಾತು ಅದು.

"ಇದು ಕುರಿ ಹಟ್ಟಿ ಲೆಕ್ಕ ಐತಲ್ರಿ ಅಕ್ಕೋರೆ."

"ಹ್ಯಾಂಗವ್ವಾ?"

"ರಾಶಿ ಆದ ಹೊಲದಾಗ ನಾವು ಕುರಿ ಕೂಡಸ್ತೇವಲ್ರಿ, ಗೊಬ್ಬರಕ್ಕ. ಹಳ್ಳದ ದಂಡಿಗೆ ಸಾಲ ಹೊಲ ಇರ್ತಾವ. ಎರಡು ಹಟ್ಟಿಯಾವ್ರಿಗೆ ಜಗಳ ಇತ್ತಂದ್ರ, ಇಬ್ಬರೂ ಬಂದು ನಡುವಿನ ಹೊಲದಾಗ ಬಾಜೂಬಾಜೂಕ ಬೀಡ ಬಿಡ್ತಾರ. ಅವನ ಹೊಲದಾವ್ರನ್ನ ಇವ, ಇವನ ಹೊಲದಾವ್ರನ್ನ ಅವ ಎಳಕೋಳಾಕ. ನಾಯಿಗೂ ನಿದ್ದಿ ಇರಂಗಿಲ್ಲ, ಮಂದಿಗೂ ಇರಂಗಿಲ್ಲ. ಅಣ್ಣತಮ್ಮರಾದ್ರ ಹಾಂಗ ಮಾಡಂಗಿಲ್ರಿ. ಒಬ್ಬ ಇತ್ತಾಗ, ಒಬ್ಬ ಅತ್ತಾಗ. ಯಾವ ಹೊಲದಾವ್ರು ಕರದ್ರೂ ಮನಿಗೇ ಬಂತಲ್ಲ. ಕುರಿ ನಡದು ಸಾಯೂದು ತಪ್ಪತದ."

ಕರೀಮಾ ಕೈಯಲ್ಲಿದ್ದ ಲೋಟವನ್ನು ನಿಧಾನ ಕೆಳಗಿಟ್ಟರು. ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ ಗೆರೆ ಎಳೆದು ಅರ್ಧ ಗಂಟೆಯಲ್ಲಿ ಹೇಳುತ್ತಿದ್ದ ಪಾಠ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅದನ್ನು ನಾಯಿಯ ನಿದ್ದೆ ಸಮೇತ ಹೇಳಿ ಮುಗಿಸಿದ್ದಳು.

"ಅಂದ್ರ ದೂರ ದೂರ ನಿಂತವರು ದುಷ್ಮನರಲ್ಲ," ಎಂದರು ಅವರು.

"ಒಂದಽ ಹಟ್ಟಿಯಾವ್ರು."

"ಬೆಳಿಗ್ಗಿ ಎಂಟನೇ ಕಿಲೋಮೀಟರ್ ಹತ್ತಿರ ಜೀಪು ನಿಲ್ಸು ಅಂದೆಲ್ಲ, ಸುಣ್ಣದ ಕಲ್ಲು ನೋಡಿ. ಅದೂ ಇದಕ್ಕೇ ಇಡೂದೇನು?"

ಬಾಳಮ್ಮನ ಹೆಬ್ಬೆರಳು ಡಬ್ಬಿಯ ಮೇಲೆ ನಿಂತಿತು. "ಹೌದ್ರಿ. ಹದ್ದಿನ ಕಲ್ಲು. ಪಾಲಾದ ಹಟ್ಟಿಗೋಳ ನಡುವ ಇಡ್ತಾರ. ಆ ಕಡಿ ಮಾರಿಗೆ ಅವರ ಗುರುತು, ಈ ಕಡಿ ಮಾರಿಗೆ ಇವರದು. ವರ್ಷಾ ದೀಪಾಳಿ ಮುಂದ ಮನಿ ಗಂಡಸರು ಸುಣ್ಣ ಬಳದು ಗುರುತು ಮತ್ತ ತಿದ್ದತಾರ. ಬ್ಯಾರೇದಾವ್ರು ಕೈ ಹಚ್ಚಂಗಿಲ್ಲ. ಕುರಿಗಾರರದು ಯಾರದೋ ಇರಬೇಕು."

ಹೇಳಿ ಅವಳು ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು. ಬೆರಳ ತುದಿ ಬೆಳ್ಳಗಿತ್ತು.

ಮನೀಷಾ ಎದ್ದು ನಿಂತಳು. "ಮೇಡಂ, ನಿಮ್ಮ ಲೆಕ್ಕಾನೇ ಹಿಡಿದ್ರ ಸಂಜುಗೇ ಉಲ್ಟಾ ಆಗ್ತದ. ಪಂಡರಿ ಅಂಗಡಿ ಸುಟ್ಟ ಮ್ಯಾಲ ಅವನ ಗಿರಾಕಿ ಯಾರ ಕಡಿ ಬರ್ತಾರ? ರಾಜೇಶ್ವರಕ್ಕ. ಅನೀಲಕುಮಾರಗ ಏನೂ ಸಿಗೂದಿಲ್ಲ, ಅವ ದೂರ ಆದ."

"ಬರೋಬರ್. ಬೆಂಕಿ ಹಚ್ಚಿದಾಂವಗೂ ಅದು ಗೊತ್ತಿತ್ತು. ಪೊಲೀಸರು ಯಾರ ಕಡಿ ನೋಡ್ತಾರ ಅಂತ ಎಣಿಸೇ ಹೆಜ್ಜಿ ಇಟ್ಟಾನ." ಕರೀಮಾ ಹುಬ್ಬು ಗಂಟಿಕ್ಕಿದರು. "ನನಗ ಇನ್ನೊಂದು ಕಾಡಾಕತ್ತದ. ಇಬ್ಬರು ಒಂದಾಗಿ ಈ ರಸ್ತಾ ಹಂಚಿಕೊಂಡ್ರ ಒಬ್ಬ ಆರಕ್ಕ, ಒಬ್ಬ ಹದಿನೆಂಟಕ್ಕ ಕೂಡಬೇಕು. ಯಾವ ಹಳ್ಳಿಯಾಂವಗೂ ಆರಕ್ಕಿಂತ ದೂರ ಆಗೂದಿಲ್ಲ. ಪಂಡರಿ ಗೋದಾಮು ಬೆಳಿಗ್ಗಿ ನೋಡಿದ್ವಿ. ಎಷ್ಟಿತ್ತು ಮೀಟರ್?"

"ನಾಲ್ಕು."

"ಎರಡು ಕಿಲೋಮೀಟರ್ ಫರಕ್. ನಡಿ, ಅನೀಲಕುಮಾರನ ಅಂಗಡೀನೂ ಅಳೆಯೂಣು."

*

ರಾಜೇಶ್ವರ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಆಳೆತ್ತರದ ತೊಗರಿ, ಹಳದಿ ಹೂ ಹೊತ್ತು ನಿಂತಿತ್ತು. ಹದಿಮೂರನೇ ಕಿಲೋಮೀಟರಿನ ಬಳಿ ಕಂಬಳಿ ಹೊದ್ದ ಮುದುಕನೊಬ್ಬ ಎಡಗಾಲು ಎಳೆಯುತ್ತ, ಕೈಯಲ್ಲಿ ತಗಡಿನ ಡಬ್ಬ ಹಿಡಿದು, ಅವರು ಹೋಗುವ ದಿಕ್ಕಿಗೇ ನಡೆಯುತ್ತಿದ್ದ. ಜೀಪಿನ ಸದ್ದಿಗೆ ಪಕ್ಕಕ್ಕೆ ಸರಿದು ಒಳಗೆ ಕಣ್ಣು ಹಾಯಿಸಿದ. ಬಿಸಿಲು ಜೋರಾಗಿತ್ತು. ಬಾಳಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಅನೀಲಕುಮಾರನ ಅಂಗಡಿಯ ಮುಂದೆ ಮೀಟರ್ ಇಪ್ಪತ್ತು ತೋರಿಸಿತು.

ಕರೀಮಾ ಇಳಿಯದೆ ಹಾಗೇ ಕುಳಿತರು. "ಅಲ್ಲೂ ಎರಡರ ಫರಕ್, ಇಲ್ಲೂ ಎರಡರದು. ಒಂದು ಕಡಿ ತಪ್ಪಿದ್ರ ಜಾಗಾ ಸಿಗಲಿಲ್ಲ ಅನಬಹುದು. ಎರಡೂ ಕಡಿ ಅಷ್ಟಷ್ಟೇ ತಪ್ಪಿದ್ರ, ತಪ್ಪು ಅವರದಲ್ಲ. ನಂದು."

ಅಂಗಡಿಯ ಮುಂದೆ ಕೊಬ್ಬಿದ ಟಗರೊಂದನ್ನು ಕಟ್ಟಿದ್ದರು. ಬೆನ್ನ ಮೇಲೆ ಕೆಮ್ಮಣ್ಣಿನ ಎರಡು ಗೆರೆ. ಒಳಗೆ ಹತ್ತಿಕಾಳಿನ ಹಿಂಡಿಯ ಎಣ್ಣೆ ವಾಸನೆ, ತೊಲೆಯವರೆಗೆ ಪೇರಿಸಿದ ಚೀಲ. ಐವತ್ತರ ಅನೀಲಕುಮಾರ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ. ತೋಳು ಮಡಚಿದ ಬಿಳಿ ಅಂಗಿ, ಕಿವಿಯಲ್ಲಿ ಬಂಗಾರದ ಒಂಟಿ.

"ಬರ್ರಿ ಸಾಹೇಬ್ರ. ಪಂಡರಿ ಬೂದಿ ನೋಡಿ ನಮ್ಮಲ್ಲಿ ಬಂದ್ರೇನು? ಇಲ್ಲಿ ಸುಟ್ಟಿದ್ದು ಏನೂ ಇಲ್ಲ. ಚಹಾ ಮಾತ್ರ ಸ್ವಲ್ಪ ಸುಡ್ತದ."

"ಚಹಾ ಆಗ್ಯದ," ಎಂದಳು ಮನೀಷಾ. "ಪಂಡರಿ ಜೋಡಿ ನಿಮ್ಮ ಸಂಬಂಧ ಹ್ಯಾಂಗ?"

"ಸಂಬಂಧ ಅನ್ನೂ ಮಾತು ಅವನ ಹೆಸರಿನ ಬಾಜೂಕ ಇಡಬ್ಯಾಡ್ರಿ. ಅವನ ಮಗಳ ಮದಿವಿಗೆ ನಾ ಹೋಗಿಲ್ಲ. ನಮ್ಮವ್ವನ ಮಣ್ಣಿಗೆ ಅವ ಬಂದಿಲ್ಲ. ಹನ್ನೊಂದು ವರ್ಷ ಆತು. ಹೋಗ್ಲಿ, ಗೋದಾಮು ಸುಡಬಾರದಿತ್ತು. ಹೊಟ್ಟಿಕಿಚ್ಚಿಗೆ ಆ ಸಂಜು ಇಷ್ಟು ಮಾಡ್ತಾನ ಅಂತ ಯಾರಿಗೆ ಗೊತ್ತಿತ್ತು."

ಬಾಳಮ್ಮ ಬಾಗಿಲ ಬಳಿ ನಿಂತಿದ್ದಳು. ಅವನು ಅವಳತ್ತ ನೋಡಲೂ ಇಲ್ಲ. ಕರೀಮಾ ಅದನ್ನು ಗಮನಿಸಿದರು.

"ಒಂದು ಮಾತು ಕೇಳ್ತೀನಿ ಅನೀಲಕುಮಾರ್ ಭಾಯಿ," ಎಂದರು. "ಹನ್ನೊಂದು ವರ್ಷದ ದುಷ್ಮನಿ. ವೈರಿ ಗಿರಾಕಿ ಕಸಗೊಳ್ಳಾಕ ಒಂದು ಹೆಜ್ಜಿನಾದ್ರೂ ಅವನ ಕಡಿ ಯಾಕ ಸರದಿಲ್ಲ?"

"ಜಾಗಾ ಸಿಗಬೇಕಲ್ರಿ."

"ರಾಜೇಶ್ವರ ಬಸ್ ಸ್ಟ್ಯಾಂಡ್ ಎದುರಿನ ಮಳಗಿ ಆರು ವರ್ಷ ಖಾಲಿ ಇತ್ತು. ಮಾಲೀಕರನ್ನ ನಿನ್ನಿ ಕೇಳೇನಿ. ನೀವೂ ಕೇಳಿಲ್ಲ, ಪಂಡರಿನೂ ಕೇಳಿಲ್ಲ."

"ನಮಗ ಇದ್ದಷ್ಟು ಸಾಕ್ರಿ. ಆಸೆ ಭಾಳ ಮಾಡಬಾರದು."

"ಆಸೆ ಇಲ್ಲದಾಂವ ತೊಲಿ ಮುಟ್ಟ ಚೀಲ ಒಟ್ಟಂಗಿಲ್ಲ." ಕರೀಮಾ ಮೇಲೆ ನೋಡಿ ಸಣ್ಣಗೆ ನಕ್ಕರು. "ಹದಿನಾಲ್ಕು, ಹದಿನೈದನೇ ಕಿಲೋಮೀಟರಿನ ಹಳ್ಳಿಯಾವ್ರು ಹನ್ನೊಂದು ವರ್ಷ ನಿಮ್ಮಲ್ಲೇ ಬಂದಾರ. ನಾಲ್ಕು ತಿಂಗಳಿಂದ ಸಂಜು ಕಡಿ ಹೊಂಟಾರ. ನಿಮ್ಮ ಗಿರಾಕಿ ಹೋದ್ರು. ನೀವು ಒಂದು ಸರ್ತೀನೂ ಜಗಳಕ್ಕ ಹೋಗಿಲ್ಲ. ಯಾಕ?"

"ಹೋಗಾಕ ರಾಜೇಶ್ವರ ನನ್ನ ಪಾಲಿಂದಲ್ಲ..."

ಮಾತು ಅರ್ಧಕ್ಕೆ ತುಂಡಾಯಿತು.

ಹೊರಗೆ ಟಗರು ಕೋಡನ್ನು ಕಂಬಕ್ಕೆ ಉಜ್ಜುವ ಸದ್ದು ಕೇಳಿಸಿತು. ಒಂದು ಲಾರಿ ಹಾದುಹೋಯಿತು. ಅನೀಲಕುಮಾರ ಕಿವಿಯ ಒಂಟಿಯನ್ನು ಮುಟ್ಟಿಕೊಂಡ.

"ಪಾಲು ಮಾಡಿದವರು ಯಾರು?" ಎಂದರು ಕರೀಮಾ.

"ಮಾತಿಗೆ ಅಂದೆ."

"ಮನಸಿನ್ಯಾಗ ಇಲ್ಲದ್ದು ಬಾಯಾಗ ಬರೂದಿಲ್ಲ ಭಾಯಿ. ಅಣ್ಣತಮ್ಮರಿಗೆ ಪಾಲು ಇರ್ತದ, ವೈರಿಗೆ ಎಲ್ಲೀದು?"

ಅನೀಲಕುಮಾರ ಆಗ ಮೊದಲ ಬಾರಿ ಬಾಳಮ್ಮನ ಕಡೆ ತಿರುಗಿದ. ಅವಳ ಮುಖದಿಂದ ಅವನ ಕಣ್ಣು ಕೈಯ ಡಬ್ಬಿಗೆ ಇಳಿದು ಅಲ್ಲೇ ನಿಂತಿತು.

"ತಂಗಿ, ನೀ ಇವರ ಸಂಗಾಟ ಯಾಕ ತಿರಗ್ಯಾಡಾಕತ್ತಿ? ಮನಿಗೆ ಹೋಗು. ಹಬ್ಬದ ಕೆಲಸ ಇರ್ತಾವ. ತಮ್ಮಂದು ಹ್ಯಾಂಗೂ ಆಗ್ತದ." ದನಿ ಮೃದುವಾಗಿತ್ತು. "ಎಲ್ಲಾ ಕೆದಕಿದ್ರ ಒಬ್ಬನೇ ಒಳಗ ಹೋಗಂಗಿಲ್ಲ."

"ಏನದು? ಧಮಕಿ ಏನು?" ಎಂದಳು ಮನೀಷಾ.

"ಬುದ್ಧಿ ಮಾತು ಸಾಹೇಬ್ರ. ನಮ್ಮ ಹಟ್ಟಿಯ ಹೆಣ್ಣಮಗಳು."

*

ಮೂವರೂ ಜೀಪಿಗೆ ಮರಳಿದರು. ಒಂದೂ ಇಪ್ಪತ್ತು. ಮನೀಷಾ ಕೀಲಿ ತಿರುಗಿಸಲು ಹೋದಾಗ ಕರೀಮಾ ತಡೆದರು.

"ಆಗಲೇ ನಾನು ಎಷ್ಟು ಲೋಟ ಇಟ್ಟಿದ್ದೆ?"

"ಎರಡು."

"ಅದೇ ಗಲತಿ. ಲೆಕ್ಕ ಬರೋಬರ್ ಇತ್ತು, ಲೋಟ ಕಡಿಮಿ ಇದ್ದವು." ಅವರು ಜೀಪಿನ ಧೂಳು ತುಂಬಿದ ಬಾಗಿಲ ಮೇಲೆ ಬೆರಳಿನಿಂದ ಉದ್ದ ಗೆರೆ ಎಳೆದರು. "ಇಪ್ಪತ್ನಾಲ್ಕು ಕಿಲೋಮೀಟರ್ ಇಬ್ಬರಿಗಲ್ಲ, ಮೂವರಿಗೆ ಪಾಲು ಮಾಡು. ತಲಾ ಎಂಟು. ತಮ್ಮ ತಮ್ಮ ಎಂಟರ ನಟ್ಟನಡುವ ಅಂಗಡಿ ಇಡಲಿ. ಮೊದಲನೇದು ಎಲ್ಲಿ?"

"ನಾಲ್ಕಕ್ಕ."

"ಕೊನೇದು?"

"ಇಪ್ಪತ್ತಕ್ಕ." ಮನೀಷಾಳ ದನಿ ತಗ್ಗಿತು. "ನಡುವಿಂದು ಹನ್ನೆರಡಕ್ಕ. ರಾಜೇಶ್ವರ."

"ಒಂದು ಅರ್ಧ ಕಿಲೋಮೀಟರ್ ಅತ್ತಿತ್ತ ಆಗಿಲ್ಲ. ಹನ್ನೊಂದು ವರ್ಷದ ಹಿಂದನೇ ಮೂವರು ಕೂತು ಹಂಚ್ಯಾರ. ಇಬ್ಬರು ಅಂಗಡಿ ಇಟ್ರು. ನಡುವಿಂದು ಮೂರನೇದಾಂವಗ ಅಂತ ಬಿಟ್ರು. ಅದಕ್ಕೇ ಯಾರೂ ಸರೀಲಿಲ್ಲ. ಜಗಳ ಅನ್ನೂದು ಮಂದಿಗೆ ತೋರಸಾಕ. ಇಬ್ಬರೂ ಒಂದೇ ಅಂತ ಗೊತ್ತಾದ್ರ ಯಾವ ಕಂಪನಿ ಇಬ್ಬರಿಗೂ ಏಜೆನ್ಸಿ ಕೊಡ್ತದ?"

"ಇದು ಬರೇ ಲೆಕ್ಕಾ ಮೇಡಂ. ಮ್ಯಾಜಿಸ್ಟ್ರೇಟ್ ಕಣ್ಣಿಗೆ ಕಾಣೂದು ಬೇಕು."

"ಹಾಂ. ಲೆಕ್ಕಾ ಖರೇ ಇದ್ರ ಕಾಣೂದೂ ಇರಬೇಕು." ಕರೀಮಾ ಗೆರೆಯ ಮೇಲೆ ಎರಡು ಚುಕ್ಕೆ ಇಟ್ಟರು. "ಕುರಿಗಾರರ ಮಕ್ಕಳು. ಅಂಗಡಿ ಇಟ್ರೂ ಹಟ್ಟಿ ಹಂಚಿದಂಗೇ ಹಂಚ್ಯಾರ. ಮೂರು ಪಾಲಿಗೆ ಎರಡು ಹದ್ದು. ಒಂದು ಎಂಟಕ್ಕ, ಬೆಳಿಗ್ಗಿ ಅಲ್ಲೇ ಕಲ್ಲು ಕಂಡ್ವಿ. ಆಗ ನಾ ಮೀಟರ್ ನೋಡಾಕತ್ತಿದ್ದೆ, ಕಲ್ಲು ನೋಡಲಿಲ್ಲ. ಇನ್ನೊಂದು ಹದಿನಾರಕ್ಕ ಇರಬೇಕು. ಮೀಟರ್ ಸೊನ್ನಿ ಮಾಡಿ ವಾಪಸ್ ನಡಿ. ನಾಲ್ಕು ಬಂದಲ್ಲಿ ನಿಲ್ಸು."

ಬಾಳಮ್ಮ ಹಿಂದಿನಿಂದ ಅಂದಳು, "ಬ್ಯಾಡ್ರಿ ಅಕ್ಕೋರ."

"ಯಾಕವ್ವಾ?"

ಅವಳು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಜೀಪು ಹೊರಟಿತು. ಒಂದು. ಎರಡು. ಮನೀಷಾ ರಸ್ತೆಗಿಂತ ಮೀಟರನ್ನೇ ಹೆಚ್ಚು ನೋಡುತ್ತಿದ್ದಳು. ಮೂರು. ಬಲಕ್ಕೆ ತೊಗರಿ, ಎಡಕ್ಕೆ ತೊಗರಿ, ಅಂಗಡಿಯಿಲ್ಲ, ಮನೆಯಿಲ್ಲ, ನಿಲ್ಲಲು ಒಂದು ಕಾರಣವೂ ಇಲ್ಲದ ಬಯಲು. ನಾಲ್ಕು.

ಅವಳು ಬ್ರೇಕ್ ಒತ್ತಿದಳು. ಇಳಿದು ಇಪ್ಪತ್ತು ಹೆಜ್ಜೆ ನಡೆದು ಜಾಲಿ ಪೊದೆಯ ಟೊಂಗೆ ಸರಿಸಿದಳು.

ಒಂದರ ಮೇಲೊಂದು ಪೇರಿಸಿದ ಮೂರು ಕಲ್ಲು. ಮೊಣಕಾಲೆತ್ತರ. ಬೆಳ್ಳಗೆ ಸುಣ್ಣ.

ಮನೀಷಾ ಟೊಂಗೆ ಹಿಡಿದೇ ಬಗ್ಗಿ ನೋಡಿದಳು. ಆರು ವರ್ಷದ ನೌಕರಿಯಲ್ಲಿ ಸಾಕ್ಷಿ ಹೇಳಿದ್ದು ಕೇಳಿ, ನಾಯಿ ಮೂಸಿದ್ದು ನೋಡಿ, ಫೋನಿನ ಜಾಡು ಹಿಡಿದು ವಸ್ತು ಪತ್ತೆ ಮಾಡಿದ್ದಳು. ಧೂಳಿನ ಮೇಲೆ ಬೆರಳಿನಿಂದ ಗೆರೆ ಎಳೆದು, ಇಲ್ಲಿ ಕಲ್ಲಿದೆ ಎಂದವರನ್ನು ಕಂಡಿರಲಿಲ್ಲ.

ಕರೀಮಾ ಕೂಡ ಹತ್ತಿರ ಬಂದರು. ಪುಸ್ತಕದ ಒಂದು ಸಾಲು ಎದ್ದು ಬಂದು ಹೊಲದ ಬದುವಿನಲ್ಲಿ ನಿಂತ ಹಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಸವಕಲ್ಯಾಣದ ಕಡಿ ಮಾರಿಗೆ ಎರಡು ಗೆರಿ," ಎಂದಳು ಮನೀಷಾ. "ಅನೀಲಕುಮಾರನ ಟಗರಿನ ಮ್ಯಾಲ ಇದ್ದದ್ದೇ. ಇದು ಸಾಕು ಮೇಡಂ. ದೂರು ಕೊಟ್ಟಾಂವ ಸಂಬಂಧ ಮುಚ್ಚಿಟ್ಟಾನ ಅಂತ ಮ್ಯಾಜಿಸ್ಟ್ರೇಟ್ ಮುಂದ ಇಡಬಹುದು." ಅವಳು ಫೋನ್ ತೆಗೆದು ಚಿತ್ರ ಹಿಡಿದಳು. ಆಮೇಲೆ ಕಲ್ಲನ್ನು ಸುತ್ತಿ ರಾಜೇಶ್ವರದ ಕಡೆಯ ಮುಖಕ್ಕೆ ಬಂದು ಬಗ್ಗಿದಳು.

ಫೋನ್ ಹಿಡಿದ ಕೈ ಕೆಳಗಿಳಿಯಿತು.

ಕೆಮ್ಮಣ್ಣಿನಲ್ಲಿ ತಿದ್ದಿದ ಒಂದು ದುಂಡು. ನಡುವೆ ಅಡ್ಡ ಗೆರೆ.

ಇಬ್ಬರೂ ತಿರುಗಿ ನೋಡಿದರು. ಬಾಳಮ್ಮ ಜೀಪಿನಿಂದ ಇಳಿದು ರಸ್ತೆಯ ಅಂಚಿಗೆ ಬಂದಿದ್ದಳು. ಈ ಸಲ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿರಲಿಲ್ಲ. ಮುಚ್ಚಳ ಅವರ ಕಡೆಗೇ ಇತ್ತು.

"ಎಂಟರಾಗೂ ಇದೇ ಇದ್ದಿರಬೇಕಲ್ಲ, ರಾಜೇಶ್ವರದ ಕಡಿ ಮಾರಿಗೆ," ಎಂದರು ಕರೀಮಾ. "ಬೆಳಿಗ್ಗಿ ಕೈಲೆ ಅಳಸಾಕ ಹೋದೆ. ಅದಕ್ಕೇ ಬೆರಳಿಗೆ ಸುಣ್ಣ."

"ಅಳಸಾಕಲ್ರಿ. ಮುಟ್ಟಿ ನೋಡಿದೆ." ಬಾಳಮ್ಮನ ದನಿ ಸಮವಾಗಿತ್ತು. "ನೀವೂ ಮುಟ್ಟಿ ನೋಡ್ರಿ."

ಕರೀಮಾ ತೋರುಬೆರಳಿನಿಂದ ದುಂಡಿನ ಅಂಚು ಮುಟ್ಟಿದರು. ಬೆರಳು ಒದ್ದೆಯಾಯಿತು. ಬಿಳಿ, ಕೆಂಪು ಎರಡೂ ಹತ್ತಿತು.

ಈ ಬಿಸಿಲಿಗೆ ಸುಣ್ಣ ಒಂದು ತಾಸು ಹಸಿ ಇರುವುದಿಲ್ಲ. ಸಂಜುಕುಮಾರ ನಿನ್ನೆ ಸಂಜೆ ನಾಲ್ಕರಿಂದ ಲಾಕಪ್ಪಿನಲ್ಲಿದ್ದ.

"ಮೂರನೇ ಪಾಲು ನಿಮ್ಮ ಮನಿದು," ಮನೀಷಾ ನಿಧಾನ ಹೇಳಿದಳು. "ಆದ್ರ ಇದನ್ನ ತಿದ್ದಿದಾಂವ ಸಂಜು ಅಲ್ಲ."

"ಅಲ್ರಿ."

"ಈ ಗುರುತು ನಿಮ್ಮ ಮನ್ಯಾಗ ಯಾರ್ಯಾರು ಹಾಕಬಹುದು?"

"ಇಬ್ಬರಽ. ಒಬ್ಬ ನಿಮ್ಮ ಲಾಕಪ್ಪಿನ್ಯಾಗ ಹಾನ."

"ಇನ್ನೊಬ್ಬ?"

ಬಾಳಮ್ಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ನಮ್ಮಪ್ಪ. ಹನ್ನೊಂದು ವರ್ಷದ ಹಿಂದ ಕುರಿ ತಗೊಂಡು ಮಾಂಜ್ರಾ ದಾಟಾಕ ಹೋದಾಗ ಹೊಳಿ ಬಂತು. ಕುರಿ ಹೆಣ ಸಿಕ್ಕವು. ಅವನದು ಸಿಗಲಿಲ್ಲ. ಸತ್ತಾನಂತ ದಿನಾ ಮಾಡಿ, ಊರಿಗೆ ಊಟಾ ಹಾಕೇವಿ."

ಮನೀಷಾಗೆ ಹದಿಮೂರನೇ ಕಿಲೋಮೀಟರ್ ನೆನಪಾಯಿತು. ಬಿರುಬಿಸಿಲಲ್ಲಿ ಕಂಬಳಿ. ತಗಡಿನ ಡಬ್ಬ. ಎಳೆದು ಇಡುವ ಎಡಗಾಲು. ಆ ಮುದುಕ ಎಂಟರಲ್ಲಿ ತಿದ್ದಿ, ಅವರು ರಾಜೇಶ್ವರದಲ್ಲಿ ಚಹಾ ಕುಡಿಯುತ್ತಿದ್ದಾಗ ಅವರ ಬೆನ್ನ ಹಿಂದೆಯೇ ಹಾದು ಇಲ್ಲಿಗೆ ನಡೆದಿದ್ದ.

"ನಾವು ಅವನ್ನ ದಾಟಿ ಹೋದ್ವಿ," ಎಂದಳು. "ನೀನು ಗುರುತು ಹಿಡಿದಿದ್ದಿ."

"ಕಾಲು ಗುರುತು ಹಿಡದೆ. ಮಾರಿ ನೋಡಾಕ ಧೈರ್ಯ ಆಗಲಿಲ್ಲ."

ರಸ್ತೆಯ ಅಂಚಿನ ಮಣ್ಣಿನಲ್ಲಿ ಸುಣ್ಣದ ಹನಿ ಬಿದ್ದಿದ್ದವು. ಎರಡು ಹೆಜ್ಜೆಗೊಂದು, ನಾಣ್ಯದಷ್ಟು ಅಗಲ, ಬೆಳ್ಳಗೆ. ಅವು ಅನೀಲಕುಮಾರನ ಅಂಗಡಿಯ ಕಡೆಗೂ ಹೋಗಿರಲಿಲ್ಲ, ರಾಜೇಶ್ವರದ ಕಡೆಗೂ ಹೋಗಿರಲಿಲ್ಲ. ನೆಟ್ಟಗೆ ತೊಗರಿ ಸಾಲಿನೊಳಗೆ ಇಳಿದಿದ್ದವು.

ಮನೀಷಾ ಸೊಂಟದ ಪಟ್ಟಿಗೆ ಕೈ ಹಾಕಿ ಮುಂದಾದಳು. ಬಾಳಮ್ಮ ಅವಳ ದಾರಿಗೆ ಅಡ್ಡ ಬಂದಳು.

"ಅವ ಸಿಕ್ರ ನನ್ನ ತಮ್ಮ ಬಿಡುಗಡಿ ಆಗ್ತಾನೇನ್ರಿ?"

ಮನೀಷಾ ಕರೀಮಾರನ್ನು ನೋಡಿದಳು. ಕರೀಮಾ ಸುಳ್ಳು ಹೇಳಲಿಲ್ಲ.

"ಗೊತ್ತಿಲ್ಲವ್ವಾ. ಬೆಂಕಿ ಯಾರು ಹಚ್ಚಿದ್ರು ಅನ್ನೂದು ಅವನಿಗೆ ಗೊತ್ತಿರಬಹುದು. ಹಚ್ಚಿದಾಂವ ಅವನೇ ಇರಬಹುದು."

ಒಂದೂ ಐವತ್ತು. ಮ್ಯಾಜಿಸ್ಟ್ರೇಟ್ ಕೂಡುವ ಹುಮನಾಬಾದಿಗೆ ಹದಿನಾರು ಕಿಲೋಮೀಟರ್.

ಬಾಳಮ್ಮ ರೊಟ್ಟಿಯ ಡಬ್ಬಿಯನ್ನು ಕಲ್ಲಿನ ಮೇಲಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಳಚಿ, ಹನಿಗಳನ್ನು ಹಿಡಿದು ತೊಗರಿಯ ಅಂಚಿನವರೆಗೆ ನಡೆದಳು. ಅಲ್ಲಿ ನಿಂತು, ದೂರದ ಕುರಿಗಾರನನ್ನು ಕರೆಯುವ ಹಾಗೆ ಬಾಯಿಗೆ ಎರಡೂ ಕೈ ಹಿಡಿದಳು.

"ಅಪ್ಪಾ. ಸಂಜು ಜೈಲಿಗೆ ಹೊಂಟಾನ."

ಗಾಳಿ ಬೀಸುತ್ತಿರಲಿಲ್ಲ. ರಸ್ತೆಯ ಆಚೆಯ ತೊಗರಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಈಚೆ ಹೊಲದ ನಡುವೆ, ಅವಳಿಂದ ಹತ್ತು ಸಾಲು ಆಚೆ, ಹಳದಿ ಹೂ ಅಲುಗಿದವು. ಅದಕ್ಕಿಂತ ಸ್ವಲ್ಪ ಎಡಕ್ಕೆ, ಬೇರೆಯೇ ಸಾಲಿನಲ್ಲಿ, ಇನ್ನೊಬ್ಬರು ಎದ್ದು ನಿಂತ ಹಾಗೆ, ಮತ್ತೊಮ್ಮೆ ಅಲುಗಿದವು.